ಮಂದಗತಿಯ ಲ್ಯಾಪ್‌ಟಾಪ್: ಅಳತೆ ಮೊದಲು, ಮದ್ದು ಆಮೇಲೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಬಳಿ, ಹಿರೋಳ್ಳಿ ಎಂಬ ಊರಿದೆ. ಕಳೆದ ಮೇ ತಿಂಗಳಿನ ಒಂದು ಮಧ್ಯಾಹ್ನ ಆ ಊರಿನಲ್ಲಿರುವ ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಕೌದಿಯ ಮೇಲೆ ಅವನ ಲ್ಯಾಪ್‌ಟಾಪ್ ತೆರೆದು ಕುಳಿತಿತ್ತು. ಗುಂಡಿಯನ್ನೊತ್ತಿ ಹತ್ತು ನಿಮಿಷ ಕಳೆದಿದ್ದರೂ ಪರದೆಯಲ್ಲಿ ಸಣ್ಣದೊಂದು ವೃತ್ತ ತಿರುಗುತ್ತಿದ್ದುದನ್ನು ಬಿಟ್ಟರೆ ಬೇರಾವ ಚಲನೆಯೂ ಇರಲಿಲ್ಲ. “ಏನ್ ಒತ್ತಿದ್ರೂ ಹೂಂ ಅನವಲ್ದ್ರಿ ಸರ್” ಎಂದು ಅವನು ನಿಟ್ಟುಸಿರುಬಿಟ್ಟನು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಇದರ ಆಯುಸ್ಸು ಮುಗಿಯಿತು, ಹೊಸದನ್ನು ಕೊಳ್ಳುವುದೇ ಲೇಸೆಂದು ಹೇಳಿದ್ದರಂತೆ. ಒಳ್ಳೆಯ ಧಾರಣೆ ಬರಲೆಂದು ಕಾದಿರಿಸಿದ್ದ ತೊಗರಿಯನ್ನು ಮಾರಿ ಆ ಹಣವನ್ನು ಹೊಂದಿಸುವುದೆಂದು ತಂದೆಯವರು ನಿಶ್ಚಯಿಸಿದ್ದರು.

ಮಂದಗತಿ ಎಂಬುದು ರೋಗವಲ್ಲ, ರೋಗದ ಲಕ್ಷಣ. ಜ್ವರವೊಂದೇ ಆದರೂ ಅದರ ಕಾರಣಗಳು ಹಲವು. ಕಾರಣವನ್ನರಿಯದೆ ಕೊಡುವ ಮದ್ದು ವ್ಯರ್ಥವಷ್ಟೇ ಅಲ್ಲ, ಕೆಲವೊಮ್ಮೆ ಅಪಾಯಕರವೂ ಹೌದು. ಯಂತ್ರದ ವಿಷಯದಲ್ಲಿಯೂ ಹೀಗೆಯೇ. ಮೊದಲು ಅಳೆಯಬೇಕು, ಬಳಿಕ ಕೈ ಹಾಕಬೇಕು. ಭೌತವಿಜ್ಞಾನವನ್ನು ಬೋಧಿಸುವ ನಾವೇ ಅಂದು ಈ ನಿಯಮವನ್ನು ಮರೆತೆವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಒಳ್ಳೆಯದು.

ಶಾಖದ ಮೇಲೆ ನಮ್ಮ ಸಂದೇಹ

ಯಂತ್ರದ ತಳಭಾಗವನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಹೊರಗಿನ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್. ತಪ್ಪು ಶಾಖದ್ದೇ ಎಂದು ನಾವು ಕೂಡಲೆ ತೀರ್ಮಾನಿಸಿದೆವು. ಈ ಊಹೆಗೆ ಆಧಾರವಿಲ್ಲದೆ ಇರಲಿಲ್ಲ. ಲ್ಯಾಪ್‌ಟಾಪಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಬಿಲ್ಲೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಸ್ವಿಚ್ಚುಗಳಿವೆ. ಅವು ತೆರೆದು ಮುಚ್ಚುವಾಗ ವ್ಯಯವಾಗುವ ವಿದ್ಯುಚ್ಛಕ್ತಿಯೆಲ್ಲ ಕೊನೆಗೆ ಶಾಖವಾಗುತ್ತದೆ. ಬಿಲ್ಲೆಯ ಉಷ್ಣತೆ ಸುಮಾರು 100 ಡಿಗ್ರಿಯನ್ನು ಸಮೀಪಿಸಿತೆಂದರೆ, ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕಾಗಿ ಅದು ಕೆಲಸದ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಿಸಿಲೇರಿದಾಗ ಎತ್ತು ಮೆಲ್ಲಗೆ ನಡೆಯುವುದಿಲ್ಲವೆ, ಹಾಗೆ.

ಬಿಲ್ಲೆಯಿಂದ ಗಾಳಿಗೆ ಹರಿಯುವ ಶಾಖವು ಸ್ಥೂಲವಾಗಿ ಅವೆರಡರ ಉಷ್ಣತೆಗಳ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಬಿಲ್ಲೆಯ ಉಷ್ಣತೆ 95 ಡಿಗ್ರಿ ಎಂದಿಟ್ಟುಕೊಳ್ಳೋಣ. ಗಾಳಿಯ ಉಷ್ಣತೆ 25 ಡಿಗ್ರಿ ಇರುವ ದಿನ ವ್ಯತ್ಯಾಸ 70 ಡಿಗ್ರಿ. 42 ಡಿಗ್ರಿ ಇರುವ ದಿನ 53 ಡಿಗ್ರಿ ಮಾತ್ರ. ಅಂದರೆ ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಸಾಗಿಸಬಲ್ಲ ಶಾಖವು ಕಾಲುಭಾಗದಷ್ಟು ಕಡಮೆಯಾಯಿತು. ಇದರ ಮೇಲೆ ತೊಗರಿ, ಜೋಳಗಳ ರಾಶಿಯ ಕಾಲದಲ್ಲಿ ಎದ್ದ ಧೂಳು ಲೋಹದ ರೆಕ್ಕೆಗಳ ನಡುವೆ ಕುಳಿತಿರುತ್ತದೆ. ಕೌದಿಯ ಮೇಲಿಟ್ಟರಂತೂ ಗಾಳಿ ಹೋಗುವ ಕಂಡಿಗಳೇ ಮುಚ್ಚಿಹೋಗುತ್ತವೆ.

ನಾವು ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರಿನ ತಂತಿಯನ್ನು ಕಳಚಿ, ತಳದ ಮುಚ್ಚಳವನ್ನು ಬಿಚ್ಚಿ, ಫ್ಯಾನಿನ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಧೂಳನ್ನು ತೆಗೆದೆವು. ಯಂತ್ರವು ಮರದ ಹಲಗೆಯ ಮೇಲೆ ಏರಿತು. ಕೆಲಸ ಮುಗಿಯಿತೆಂದೇ ನಮ್ಮ ಭಾವನೆ.

ಮರುದಿನ ಬೆಳಗಿನ ಐದು ಗಂಟೆಗೆ, ತಂಪು ಹೊತ್ತಿನಲ್ಲಿ, ಅಂಗಳದಲ್ಲಿ ಯಂತ್ರವನ್ನು ಮತ್ತೆ ಹಚ್ಚಿದೆವು. ಹತ್ತು ನಿಮಿಷವಾದರೂ ಅದೇ ವೃತ್ತ! ತಳವಿನ್ನೂ ತಣ್ಣಗಿತ್ತು. ಶಾಖವೇ ಕಾರಣವಾಗಿದ್ದರೆ ತಣ್ಣಗಿರುವಾಗ ಯಂತ್ರವು ಚುರುಕಾಗಿರಬೇಕಿತ್ತು. ಕೆಲಸ ಮಾಡಿ ಕಾವೇರಿದ ಮೇಲೆ ಜಡವಾಗಬೇಕಿತ್ತು. ನಮ್ಮ ಊಹೆ ಅಲ್ಲಿಗೆ ಬಿದ್ದುಹೋಯಿತು. ಧೂಳು ತೆಗೆದದ್ದು ಯಂತ್ರಕ್ಕೆ ಹಿತವೇ. ಆದರೆ ಈ ರೋಗಕ್ಕೆ ಅದು ಮದ್ದಾಗಿರಲಿಲ್ಲ.

ಯಂತ್ರವೇ ಕೊಡುವ ಲೆಕ್ಕ

ಆಗ, ಮೊದಲೇ ಮಾಡಬೇಕಾಗಿದ್ದುದನ್ನು ಮಾಡಿದೆವು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಫಲಕ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವು ಮೂರರಲ್ಲಿ ಯಾವುದರ ಮೇಲೆ ಎಷ್ಟು ಹೊರೆಯಿದೆ ಎಂಬುದನ್ನು ಅದು ಶೇಕಡಾವಾರು ತೋರಿಸುತ್ತದೆ. ನಮ್ಮ ಯಂತ್ರದಲ್ಲಿ ಪ್ರೊಸೆಸರಿನ ಹೊರೆ ಶೇ. 12, 4 ಗಿಗಾಬೈಟ್ ಮೆಮೊರಿಯಲ್ಲಿ ಶೇ. 90 ಭರ್ತಿ, ಡಿಸ್ಕ್ ಶೇ. 100! ಲೆಕ್ಕ ಮಾಡುವವನು ಕೈಕಟ್ಟಿ ಕುಳಿತಿದ್ದಾನೆ. ಲೆಕ್ಕದ ಪುಸ್ತಕವನ್ನು ತಂದುಕೊಡುವವನು ಓಡಿ ಓಡಿ ದಣಿದಿದ್ದಾನೆ. ರೋಗದ ಸ್ಥಾನ ಈಗ ತಿಳಿಯಿತು.

ಇದನ್ನು ಸ್ವಲ್ಪ ವಿವರಿಸೋಣ. ಮೆಮೊರಿಯು ಓದುವ ಮೇಜಿನಂತೆ. ಡಿಸ್ಕು ಪುಸ್ತಕದ ಕಪಾಟಿನಂತೆ. ಮೇಜು ತುಂಬಿಹೋದರೆ ಒಂದು ಪುಸ್ತಕವನ್ನು ಕಪಾಟಿಗೆ ಇಟ್ಟುಬಂದು ಇನ್ನೊಂದನ್ನು ತರಬೇಕಾಗುತ್ತದೆ. ಹೀಗೆ ಇಡುವುದು, ತರುವುದು ಎಡೆಬಿಡದೆ ನಡೆದಾಗ ಓದು ನಿಂತುಹೋಗುತ್ತದೆ.

ಈ ಓಡಾಟಕ್ಕೆ ಎಷ್ಟು ಹೊತ್ತು ಬೇಕು? ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಯೊಂದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಒಂದು ಸುತ್ತಿಗೆ 60 ÷ 5400 ಸೆಕೆಂಡ್, ಎಂದರೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಅಕ್ಷರವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಹತ್ತು ಮಿಲಿಸೆಕೆಂಡಿನಷ್ಟು ಬೇಕು. ಒಟ್ಟು ಸುಮಾರು 15 ಮಿಲಿಸೆಕೆಂಡ್. ಮೆಮೊರಿಯಿಂದ ಅದೇ ಅಕ್ಷರವನ್ನು ತರುವುದಕ್ಕಾದರೋ ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ಎರಡರ ನಡುವಿನ ಅಂತರ ಒಂದೂವರೆ ಲಕ್ಷ ಪಟ್ಟು! ಮೆಮೊರಿಯಿಂದ ತರಲು ಒಂದು ಸೆಕೆಂಡ್ ಹಿಡಿಯುತ್ತದೆಂದು ಭಾವಿಸಿದರೆ, ಆ ಪ್ರಮಾಣದಲ್ಲಿ ಹಾರ್ಡ್ ಡಿಸ್ಕಿನಿಂದ ತರಲು 41 ಗಂಟೆಗೂ ಹೆಚ್ಚು ಬೇಕಾಯಿತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಹಕ್ಕೆ ಅದೇ ಪ್ರಮಾಣದಲ್ಲಿ ಸುಮಾರು 17 ನಿಮಿಷ ಸಾಕು.

ಚಿಕಿತ್ಸೆಯ ಕ್ರಮ

ಡಿಸ್ಕಿನ ಮೇಲೆ ಸಂದೇಹ ಬಂದಾಗ ಮೊದಲು ಮಾಡತಕ್ಕ ಕೆಲಸವೊಂದುಂಟು. ಅದು ದುರಸ್ತಿಯಲ್ಲ, ರಕ್ಷಣೆ. ಸವೆದ ಡಿಸ್ಕೂ ಹೀಗೆಯೇ ಜಡವಾಗುತ್ತದೆ. ಕೆಟ್ಟ ಭಾಗವನ್ನು ಮತ್ತೆ ಮತ್ತೆ ಓದಲೆತ್ನಿಸಿ ಒಂದು ದಿನ ನಿಂತೇಹೋಗುತ್ತದೆ. “ಫಾರ್ಮ್ಯಾಟ್ ಮಾಡಿಬಿಡಿ” ಎಂಬ ಸಲಹೆ ಎಲ್ಲೆಡೆ ಸುಲಭವಾಗಿ ದೊರೆಯುತ್ತದೆ. ಆದರೆ ಪ್ರತಿಯಿಲ್ಲದ ಕಡತಗಳು ಹೋದರೆ ಹೋದವೇ. ನಮ್ಮ ವಿದ್ಯಾರ್ಥಿಯು ಎರಡು ವರ್ಷಗಳ ಟಿಪ್ಪಣಿಗಳನ್ನೂ ಮನೆಯವರ ಚಿತ್ರಗಳನ್ನೂ ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿದನು. ಅನಂತರ ಡಿಸ್ಕು ತನ್ನ ಆರೋಗ್ಯದ ಬಗೆಗೆ ತಾನೇ ಬರೆದಿಡುವ ವರದಿಯನ್ನು ನೋಡಿದೆವು; ಅದು ಸವೆದಿರಲಿಲ್ಲ, ಬರಿಯ ಹೊರೆಯಿಂದ ಬಳಲಿತ್ತು.

ಇನ್ನು ಹೊರೆಯನ್ನು ಇಳಿಸಬೇಕು. ಯಂತ್ರ ಏಳುವಾಗಲೇ ತಾವೂ ಏಳುವ ಕಾರ್ಯಕ್ರಮಗಳು ಹನ್ನೊಂದು ಇದ್ದವು, ಎಂಟನ್ನು ನಿಲ್ಲಿಸಿದೆವು. ವೈರಸ್ ತಡೆಯುವ ತಂತ್ರಾಂಶಗಳು ಎರಡಿದ್ದು, ಎರಡೂ ಒಂದೇ ಕಡತವನ್ನು ಪರೀಕ್ಷಿಸುತ್ತಿದ್ದವು, ಒಂದನ್ನು ತೆಗೆದೆವು. ಬಳಿಕ ಯಂತ್ರವನ್ನು ‘ಶಟ್ ಡೌನ್’ ಮಾಡದೆ ‘ರೀಸ್ಟಾರ್ಟ್’ ಮಾಡಿದೆವು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದ್ದರೆ ಶಟ್ ಡೌನ್ ಮಾಡಿದಾಗ ಹಿಂದಿನ ಸ್ಥಿತಿಯ ಒಂದು ಭಾಗ ಹಾಗೆಯೇ ಉಳಿದಿರುತ್ತದೆ. ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ತೊಡಗುತ್ತದೆ. ಹತ್ತು ನಿಮಿಷ ನಾಲ್ಕಕ್ಕಿಳಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಗಡಿಯಾರ ನೋಡಿ ಬರೆದಿಡುವುದು — ಪ್ರಯೋಗಶಾಲೆಯ ಈ ಶಿಸ್ತನ್ನು ಬಿಡಲಿಲ್ಲ.

ಮುಂದಿನ ವಾರ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿಯನ್ನೂ ಇನ್ನೊಂದು 4 ಗಿಗಾಬೈಟ್ ಮೆಮೊರಿಯನ್ನೂ ಹಾಕಿಸಿದ್ದಾಯಿತು. ಯಂತ್ರವು ಈಗ ಒಂದು ನಿಮಿಷದೊಳಗೆ ಏಳುತ್ತದೆ. ಖರ್ಚು ಹೊಸ ಯಂತ್ರದ ಬೆಲೆಗಿಂತ ಬಹಳ ಕಡಮೆ. ತೊಗರಿಯ ಚೀಲಗಳು ಮನೆಯಲ್ಲಿಯೇ ಉಳಿದವು.

ಎಲ್ಲ ಯಂತ್ರಗಳಿಗೂ ಇದೇ ಮದ್ದೆಂದು ವಾಚಕರು ಭಾವಿಸಬಾರದು. ಫಲಕದಲ್ಲಿ ಪ್ರೊಸೆಸರೇ ಶೇ. 100 ತೋರಿಸಿದರೆ, ಅದನ್ನು ನುಂಗುತ್ತಿರುವ ಕಾರ್ಯಕ್ರಮ ಯಾವುದೆಂದು ಹುಡುಕಬೇಕು. ಬೆಳಗ್ಗೆ ಚುರುಕಾಗಿದ್ದು ಮಧ್ಯಾಹ್ನ ಜಡವಾದರೆ ಶಾಖವನ್ನು ಶಂಕಿಸಬೇಕು. ಮೂರೂ ಅಂಕಿಗಳು ಕಡಮೆಯಿದ್ದು ಅಂತರ್ಜಾಲದ ಪುಟಗಳು ಮಾತ್ರ ತಡವಾದರೆ ದೋಷವು ಸಂಪರ್ಕದ್ದಿರಬಹುದು. ಯಂತ್ರವನ್ನು ಬಿಚ್ಚಿ ಫಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಗಳಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಅನ್ನು ಹಾಕಿ ನೋಡಬಹುದು.

ಶಾಖವೇ ಕಾರಣವೆಂಬ ನಮ್ಮ ಊಹೆಯನ್ನು ಕೆಡವಿದ್ದು ದುಬಾರಿ ಉಪಕರಣವಲ್ಲ. ತಂಪು ಹೊತ್ತಿನ ಒಂದು ಪರೀಕ್ಷೆ. ಆ ಪರೀಕ್ಷೆಯನ್ನು ಯಾವ ಹಳ್ಳಿಯ ಅಂಗಳದಲ್ಲಾದರೂ ಮಾಡಬಹುದು.

ಅಭ್ಯಾಸ: ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಮುಳ್ಳು ಸರಿಯುವ ಕಾಲವನ್ನು ಮೊದಲಿನಂತೆಯೇ ಇಟ್ಟುಕೊಂಡರೆ, ವೇಗವಾಗಿ ತಿರುಗಿಸಿದ್ದರಿಂದ ಒಟ್ಟು ಕಾಲದಲ್ಲಿ ಆಗುವ ಉಳಿತಾಯವೆಷ್ಟು? ಲೆಕ್ಕ ಮಾಡಿ ನೋಡಿರಿ. ತಟ್ಟೆಯನ್ನೇ ಬಿಟ್ಟು ಎಸ್‌ಎಸ್‌ಡಿಯನ್ನು ಏಕೆ ಆರಿಸಿದೆವೆಂಬುದು ತಾನಾಗಿ ತಿಳಿಯುವುದು.