ಕ್ಯಾಮೆರಾಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ: ಹಣ ಕಟ್ಟುವ ಮುನ್ನ ಲೆಕ್ಕ ಹಾಕಿ

ಯಾವ ಕ್ಯಾಮೆರಾ ಕೊಳ್ಳಬೇಕೆಂದು ತಿಂಗಳುಗಟ್ಟಲೆ ವಿಚಾರಿಸುವವರೂ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಬಿಲ್ ಕೌಂಟರಿನ ಮುಂದೆ ನಿಂತು ಎರಡು ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ‘ಇನ್ನೊಂದು ಐದಾರು ಸಾವಿರ ಹಾಕಿಬಿಡಿ ಸಾರ್, ಎರಡು ವರ್ಷ ಚಿಂತೆ ಇರಲ್ಲ’ ಎಂದು ಅಂಗಡಿಯವರು ಹೇಳುವಾಗ, ಹೊಸ ಕ್ಯಾಮೆರಾ ಕೈಯಲ್ಲಿ ಹಿಡಿದವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಈ ಲೆಕ್ಕ ಮನೆಯಲ್ಲೇ, ಅಂಗಡಿಗೆ ಹೊರಡುವ ಮುನ್ನವೇ ಮುಗಿದಿರಬೇಕು.

ಮೊದಲು ಕಂಪನಿಯೇ ಕೊಡುವ ವಾರಂಟಿ ಎಷ್ಟು ವರ್ಷದ್ದೆಂದು ಅದರ ಜಾಲತಾಣದಲ್ಲಿ ನೋಡಿ. ಕೊಂಡ ನಿಗದಿತ ದಿನಗಳೊಳಗೆ ಸೀರಿಯಲ್ ನಂಬರ್ ನೋಂದಾಯಿಸಿದರೆ ಅವಧಿ ಹೆಚ್ಚಿಸುವ ಕಂಪನಿಗಳೂ ಇವೆ. ಪುಕ್ಕಟೆ ಸಿಗುವುದನ್ನು ಬಿಟ್ಟು ಅದಕ್ಕೇ ದುಡ್ಡು ಕೊಡುವುದು ಬೇಡ. ಅಂಗಡಿಯವರ ‘3 ವರ್ಷದ ಪ್ಲಾನ್’ ಯಾವತ್ತಿನಿಂದ ಶುರುವಾಗುತ್ತದೆ ಎಂಬುದನ್ನೂ ಕೇಳಿ. ಕೊಂಡ ದಿನದಿಂದಲೇ ಎಣಿಸುವುದಾದರೆ, ಕಂಪನಿಯ ವಾರಂಟಿಯೇ 2 ವರ್ಷದ್ದಾಗಿದ್ದಲ್ಲಿ ಅದನ್ನು ಕಳೆದು ನಿಮಗೆ ನಿಜವಾಗಿ ಸಿಗುವುದು ಒಂದೇ ವರ್ಷ.

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಕ್ಯಾಮೆರಾಗಳು ಹಾಳಾಗುವುದು ಹೇಗೆ? ಕೈಜಾರಿ ಬೀಳುತ್ತವೆ. ಮಳೆಯಲ್ಲಿ ನೆನೆಯುತ್ತವೆ. ಸಮುದ್ರ ದಂಡೆಯ ಮರಳು ಚಿಕ್ಕ ಕ್ಯಾಮೆರಾಗಳ ಜೂಮ್ ಲೆನ್ಸಿನೊಳಗೆ ಹೊಕ್ಕು ಲೆನ್ಸ್ ಕಚ್ಚಿಕೊಳ್ಳುತ್ತದೆ. ಮಲೆನಾಡು, ಕರಾವಳಿಯಲ್ಲಂತೂ ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಗಿನಲ್ಲೇ ಇಟ್ಟ ಲೆನ್ಸಿಗೆ ಫಂಗಸ್ ಹಿಡಿದಿರುತ್ತದೆ. ಈಗ ಪ್ಲಾನಿನ ಷರತ್ತುಗಳನ್ನು ಓದಿ: ಬಿದ್ದದ್ದು, ನೀರು, ಮರಳು, ಫಂಗಸ್ ಇವೆಲ್ಲ ಸಾಮಾನ್ಯವಾಗಿ ‘ಅನ್ವಯಿಸುವುದಿಲ್ಲ’ ಎಂಬ ಪಟ್ಟಿಯಲ್ಲೇ ಇರುತ್ತವೆ. ಬ್ಯಾಟರಿ, ಚಾರ್ಜರ್ ಕೂಡ ಹೊರಗೆ. ಲೆನ್ಸ್ ಸೇರಿದೆಯೇ ಎಂದು ಬೇರೆಯಾಗಿಯೇ ಕೇಳಬೇಕು. ಉಳಿಯುವುದು ಒಳಗಿನ ಬಿಡಿಭಾಗ ತಾನಾಗಿ ಕೆಡುವ ಸಂದರ್ಭ ಮಾತ್ರ. ಜನ ಹೆದರುವುದು ಒಂದಕ್ಕೆ, ದುಡ್ಡು ಕಟ್ಟುವುದು ಇನ್ನೊಂದಕ್ಕೆ. ನನ್ನ ತಕರಾರು ಇರುವುದು ಇಲ್ಲಿಯೇ.

ಒಳಗಿನ ಭಾಗಗಳಲ್ಲಿ ಸವೆಯುವಂಥದ್ದು ಶಟರ್. ಆರಂಭಿಕ ಹಂತದ ಡಿಎಸ್‌ಎಲ್‌ಆರ್‌ಗಳ ಶಟರ್ ಸುಮಾರು 1 ಲಕ್ಷ ಕ್ಲಿಕ್ ಬಾಳುತ್ತದೆಂದು ಅಂದಾಜಿಸುತ್ತಾರೆ. ತಿಂಗಳಿಗೆ 500 ಫೋಟೊ ತೆಗೆಯುವ ಹವ್ಯಾಸಿಗೆ ಅಷ್ಟು ಕ್ಲಿಕ್ ಮುಗಿಯಲು 16 ವರ್ಷಕ್ಕೂ ಹೆಚ್ಚು ಬೇಕು. ಆದರೆ ಒಂದು ಮದುವೆಗೆ 2,000 ಕ್ಲಿಕ್‌ನಂತೆ ವರ್ಷಕ್ಕೆ 40 ಮದುವೆ ಮಾಡುವ ಸ್ಟುಡಿಯೋದವರು ಒಂದೂಕಾಲು ವರ್ಷದಲ್ಲೇ ಆ ಗಡಿ ಮುಟ್ಟುತ್ತಾರೆ. ಪ್ಲಾನ್ ನಿಜಕ್ಕೂ ಬೇಕಾದದ್ದು ಇವರಿಗೆ. ಆದರೆ ಅನೇಕ ಪ್ಲಾನ್‌ಗಳು ವಾಣಿಜ್ಯ ಬಳಕೆಯನ್ನು ಹೊರಗಿಡುತ್ತವೆ, ಸಹಜ ಸವೆತವನ್ನೂ ಹೊರಗಿಡುತ್ತವೆ. ಫೋಟೊಗ್ರಫಿಯೇ ಕಸುಬಾಗಿರುವವರು ವಾರಂಟಿ ಪ್ಲಾನ್ ಬಿಟ್ಟು, ಕಳವು, ಅಪಘಾತ ಎರಡೂ ಸೇರಿದ ಉಪಕರಣ ವಿಮೆಯನ್ನು ವಿಮಾ ಕಂಪನಿಯಲ್ಲೇ ವಿಚಾರಿಸುವುದು ಒಳ್ಳೆಯದು.

ಹವ್ಯಾಸಿಗಳು ಸರಳ ಗಣಿತವೊಂದನ್ನು ಮಾಡಿ ನೋಡಲಿ. ಎರಡು ವರ್ಷದ ಪ್ಲಾನಿಗೆ 6,000 ರೂಪಾಯಿ, ದೊಡ್ಡ ರಿಪೇರಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಜನ ಪ್ಲಾನ್ ಕೊಂಡರೆ 60,000 ರೂಪಾಯಿ ಆಯಿತು. ಅಂದರೆ ನಾಲ್ಕು ರಿಪೇರಿಯ ದುಡ್ಡು. ಕಟ್ಟಿದ ಹಣ ಗಿಟ್ಟಬೇಕಾದರೆ ಹತ್ತರಲ್ಲಿ ನಾಲ್ಕು ಕ್ಯಾಮೆರಾ ಅದೇ ಎರಡು ವರ್ಷದೊಳಗೆ, ಅದೂ ತಾನಾಗಿ, ಕೆಡಬೇಕು. ನಿಮ್ಮ ಪರಿಚಯದವರ ಕ್ಯಾಮೆರಾಗಳನ್ನು ನೆನೆದು ನೋಡಿ, ಅಷ್ಟು ಕೆಟ್ಟಿವೆಯೇ? ನನ್ನ ಸಲಹೆ: ಆ ದುಡ್ಡಿನ ಒಂದು ಪಾಲಿನಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಕೊಳ್ಳಿ. ಡಬ್ಬಿಯೊಳಗಿನ ತೇವಾಂಶ ಶೇ 40ರಿಂದ 50ರ ನಡುವೆ ಇದ್ದರೆ ಫಂಗಸ್ ಹತ್ತಿರ ಸುಳಿಯದು. ಉಳಿದದ್ದನ್ನು ರಿಪೇರಿಗೆಂದು ಬ್ಯಾಂಕಿನಲ್ಲಿ ಬಿಡಿ.

ಆದರೂ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕಂತಿನಲ್ಲಿ ದುಬಾರಿ ಕ್ಯಾಮೆರಾ ಕೊಂಡ ವಿದ್ಯಾರ್ಥಿಗೆ ದಿಢೀರನೆ 15,000 ಹೊಂದಿಸುವುದು ಕಷ್ಟ. ಅಂಥವರು ಪ್ಲಾನ್ ಕೊಂಡರೆ ತಪ್ಪಲ್ಲ. ಕೊಳ್ಳುವುದಾದರೆ ಬೀಳುವಿಕೆ, ನೀರು ಎರಡನ್ನೂ ಒಳಗೊಂಡ ಪ್ಲಾನನ್ನೇ ಕೊಳ್ಳಿ. ಪ್ಲಾನ್ ನಡೆಸುವವರು ಕ್ಯಾಮೆರಾ ಕಂಪನಿಯೋ, ಬೇರೆ ಸಂಸ್ಥೆಯೋ? ಪ್ರತಿ ರಿಪೇರಿಗೂ ನಾವು ಕೈಯಿಂದ ಕೊಡಬೇಕಾದ್ದು ಎಷ್ಟು? ವರ್ಷ ಕಳೆದಂತೆ ಕ್ಯಾಮೆರಾದ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆಯೇ? ನಿಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇಲ್ಲದಿದ್ದರೆ ಕೊರಿಯರ್ ಖರ್ಚು ಯಾರದು? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿರಲಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಹಣ ಕಟ್ಟುವ ಮುನ್ನ ಒಟ್ಟು ಮೊತ್ತ ನೋಡಿ. ಗ್ರಾಹಕರ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಸೇವೆಯನ್ನು ಬಿಲ್ಲಿಗೆ ಸೇರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಗಡಿಯ ಬಿಲ್ ಥರ್ಮಲ್ ಕಾಗದದ್ದಾಗಿದ್ದರೆ ಅಕ್ಷರ ಮಾಸಿಹೋಗುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಒಪ್ಪಿದ ರಿಪೇರಿ ಮಾಡಿಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಬಗ್ಗದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.