ಕೊನೆಯವರ ಹೆಜ್ಜೆ



‘ಜಂಗಮ’ ಶಬ್ದವು ಗಮನಾರ್ಥಕವಾದ ‘ಗಮ್’ ಧಾತುವಿನಿಂದ ಹುಟ್ಟಿದುದು, ಚಲಿಸುವಂಥದು ಎಂದರ್ಥ. ನಿಲ್ಲುವುದೆಂಬರ್ಥದ ‘ಸ್ಥಾ’ ಧಾತುವಿನಿಂದ ‘ಸ್ಥಾವರ’ ಶಬ್ದವು ಬಂದಿತು. ಇವೆರಡರ ಭೇದವನ್ನು ಬಸವಣ್ಣನವರು ಬೋಧಿಸಿದ ವಚನವು ನಮ್ಮೆಲ್ಲರಿಗೂ ಕಂಠಸ್ಥವಾಗಿದೆ. ಅದನ್ನು ಪಾಠಶಾಲೆಯಲ್ಲಿ ಮೂವತ್ತು ವರ್ಷ ಬೋಧಿಸಿದವನು ನಾನು. ಆದರೆ ನನ್ನ ಕಾಲುಗಳು ಅದರ ಅರ್ಥವನ್ನು ಕಲಿತುದು ಒಂದು ದಿನದ ಪಾದಯಾತ್ರೆಯಲ್ಲಿ.

ಮಾಗಿಯ ಒಂದು ಸೋಮವಾರ ನಾವು ಇಪ್ಪತ್ತೆರಡು ಮಂದಿ ಭಕ್ತರೂ ವಿದ್ಯಾರ್ಥಿಗಳೂ ಸೂರ್ಯೋದಯಕ್ಕೆ ಬಾದಾಮಿಯಿಂದ ಹೊರಟೆವು. ಮರಳುಗಲ್ಲಿನ ಗುಡ್ಡವನ್ನು ದಾಟಿ ಮಹಾಕೂಟದಲ್ಲಿ ಸ್ನಾನ, ಲಿಂಗಪೂಜೆ. ತರುವಾಯ ಮಲಪ್ರಭೆಯ ದಡದಲ್ಲಿರುವ ಶಿವಯೋಗಮಂದಿರದ ದರ್ಶನ. ಇದು ನಮ್ಮ ಸಂಕಲ್ಪ. ಹಾದಿಯು ಬಂಡೆಗಳಿಂದಲೂ ಮುಳ್ಳುಕಂಟಿಗಳಿಂದಲೂ ಕೂಡಿತ್ತು. ಪೂಜೆಯ ವೇಳೆ ಮೀರೀತೆಂದು ನಾನು ತರುಣರನ್ನು ಅವಸರಪಡಿಸುತ್ತ ಮುಂದೆ ನಡೆದೆನು.

ಚಾಲುಕ್ಯರ ಕಾಲದ ಆ ಗುಡಿಗಳ ನಡುವೆ, ಒರತೆಯ ನೀರು ತುಂಬಿದ ಪುಷ್ಕರಿಣಿಯ ಮೆಟ್ಟಿಲಲ್ಲಿ ನಿಂತು ಎಣಿಸಿದಾಗ ಇಬ್ಬರು ಕಡಿಮೆಯಾದರು. ಎದೆ ಝಲ್ಲೆಂದಿತು. ನಾಲ್ವರು ಮರಳಿ ಗುಡ್ಡವೇರಿದೆವು. ಒಂದು ಬಂಡೆಯ ನೆರಳಿನಲ್ಲಿ ವೃದ್ಧೆಯಾದ ತಾಯಿಯೊಬ್ಬರು ಕುಳಿತಿದ್ದರು. ಅಂಗಾಲಿಗೆ ಮುಳ್ಳು ನಟ್ಟಿತ್ತು. ತರಗತಿಯಲ್ಲಿ ಒಂದು ಸೂತ್ರವನ್ನೂ ತಪ್ಪಿಲ್ಲದೆ ಒಪ್ಪಿಸಲಾರದ ಹುಡುಗನೊಬ್ಬನು ಆ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದು, ತನ್ನ ಪಾಲಿನ ನೀರಿನಿಂದ ತೊಳೆಯುತ್ತಿದ್ದನು.

“ಓಡಿ ಬಂದು ನಮಗೆ ಹೇಳಬಾರದಾಗಿತ್ತೇನೋ ತಮ್ಮಾ?” ಎಂದೆ.

“ಅಜ್ಜಿ ಒಬ್ಬಾಕೀನ ಬಿಟ್ಟು ಹ್ಯಾಂಗ ಬರ್ಲಿ ಗುರುಗಳ?” ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ವ್ಯಾಕರಣವು ಅಲ್ಲಿ ತಲೆಕೆಳಗಾಯಿತು. ಕುಳಿತಿದ್ದ ಆ ತಾಯಿಯೇ ಜಂಗಮ. ಭರದಿಂದ ನಡೆದ ನಾನೇ ಸ್ಥಾವರ. ಪೂಜೆಗೆಂದು ಓಡಿದವನು ಪೂಜ್ಯವಾದುದನ್ನೇ ಹಾದಿಯಲ್ಲಿ ಬಿಟ್ಟು ಬಂದಿದ್ದೆನು. ಹುಡುಗನ ಪೂಜೆಯಾದರೋ ವೇಳೆಗೆ ಸರಿಯಾಗಿಯೇ ನಡೆದಿತ್ತು.

ವಿಶ್ರಾಂತಿಯ ಬಳಿಕ ಆ ತಾಯಿಯನ್ನೇ ಮುಂದಿಟ್ಟುಕೊಂಡು ಹೊರಟೆವು. ಅವರು ನಿಂತಲ್ಲಿ ನಾವು ನಿಂತೆವು. ಆಗಲೇ ನದಿಯು ಕಣ್ಣಿಗೆ ಬಿದ್ದಿತು. ಅದರ ಸಪ್ಪಳವು ಕಿವಿಗೆ ಬಿದ್ದಿತು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಜಂಗಮವಟುಗಳ ಶಿಕ್ಷಣಕ್ಕೆಂದು ಸ್ಥಾಪಿಸಿದ ಆ ಮಂದಿರವನ್ನು ಸೇರಿದಾಗ ಹೊತ್ತು ಇಳಿದಿತ್ತು. ಆದರೆ ಎಣಿಸಿದಾಗ ಇಪ್ಪತ್ತೆರಡು ಮಂದಿಯೂ ಇದ್ದೆವು.

ಪಂಚಾಚಾರಗಳಲ್ಲಿ ಕೊನೆಯದಾಗಿ ಹೇಳುವುದು ಭೃತ್ಯಾಚಾರ; ಶಿವಭಕ್ತರೆಲ್ಲರೂ ತನಗಿಂತ ಹಿರಿಯರು, ತಾನು ಅವರ ಸೇವಕನು ಎಂದು ನಡೆಯುವುದು. ಕೊನೆಯಲ್ಲಿ ಹೇಳಿದರೆಂದು ಅದು ಕಿರಿದಲ್ಲ. ಉಳಿದ ಆಚಾರಗಳು ನಿಜವಾದುವೋ ಬರಿಯ ತೋರಿಕೆಯೋ ಎಂಬುದಕ್ಕೆ ಅದೇ ಒರೆಗಲ್ಲು.

ಗೃಹಸ್ಥರಾದ ನಮಗೆ ಮನೆಯೂ ಒಂದು ಪಾದಯಾತ್ರೆಯಲ್ಲವೆ? ಮಂದಗತಿಯ ಮುದುಕರು, ಪಾಠ ಹತ್ತದ ಮಗು, ಎಲ್ಲರ ಊಟವಾದ ಮೇಲೆ ಉಣ್ಣುವ ಹೆಣ್ಣುಮಗಳು ಅಲ್ಲಿ ಹಿಂದೆ ಉಳಿದಿರುತ್ತಾರೆ. ಇಂದು ಸಂಜೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವ ಮೊದಲು ಒಮ್ಮೆ ಹಿಂತಿರುಗಿ ಎಣಿಸಿರಿ. ಒಬ್ಬರು ಕಡಿಮೆಯಾದರೂ ಎದ್ದುಹೋಗಿ ಕರೆತನ್ನಿರಿ. ಪೂಜೆಯು ಅಲ್ಲಿಂದಲೇ ಆರಂಭವಾಗುವುದು.