ರಾಗಿಯ ತಾಳಿಕೆ: ಒಂದಕ್ಷರದ ಮಹತ್ವ

ಹೂಡಿಯ ಹೊಲಗಳು ಬಹುಮಟ್ಟಿಗೆ ಕಟ್ಟಡಗಳ ಪಾಲಾಗಿವೆ. ಆದರೂ ಬಾಡಿದ ರಾಗಿ ಒಂದು ಹದ ಮಳೆಗೆ ಚೇತರಿಸಿಕೊಳ್ಳುವುದನ್ನು ಆ ಸೀಮೆಯ ಹಿರಿಯ ರೈತರು ಬಲ್ಲರು. ಇಂಥ ತಾಳಿಕೆಯಲ್ಲಿ ‘ಡ್ರೆಬ್’ ಎಂಬ ಸಸಾರಜನಕಗಳಿಗೂ ಪಾತ್ರವುಂಟು. ತೇವ ಕಡಿಮೆಯಾದಾಗ ಇವು ಡಿ.ಎನ್.ಎ. ಸುರುಳಿಯ ಅಗಲ ತೋಡಿನಲ್ಲಿ ಕುಳಿತು, ಎಳೆ ಬಿಚ್ಚದೆಯೇ, ಅಕ್ಷರಗಳ ಅಂಚನ್ನು ತಡವಿ ನೋಡುತ್ತವೆ. ಹುಡುಕುವುದು ಜಿ-ಸಿ-ಸಿ-ಜಿ-ಎ-ಸಿ ಎಂಬ ಸಾಲನ್ನು. ಮೊದಲಕ್ಷರ ‘ಎ’ ಆದರೂ ನಡೆದೀತು. ಐದನೆಯದು ‘ಸಿ’ ಆದರೆ ಹಿಡಿತ ಸಡಿಲವಾಗುತ್ತದೆ. ಆ ಸಾಲು ದಾಯಾದಿ ಗುಂಪಾದ ‘ಇ.ಆರ್.ಎಫ್.’ಗಳ ಪಾಲು! ಸಾಲು ಸಿಕ್ಕಿತೆಂದರೆ ಪಕ್ಕದ ರಕ್ಷಣಾ ವಂಶವಾಹಿ ಚಾಲೂ ಆಗುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂ.ಎಲ್.-365 ರಾಗಿಯ ವಂಶವಾಹಿ ನಕ್ಷೆಯನ್ನು 2017ರಲ್ಲಿ ಪ್ರಕಟಿಸಿದರು. ಹಾಗಾದರೆ ಡ್ರೆಬ್ ಸದಾ ಚಾಲೂ ಇದ್ದರೆ ಒಳ್ಳೆಯದಲ್ಲವೇ? ಅಲ್ಲ. ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಹಾಗೆ ಮಾಡಿದಾಗ ಗಿಡ ಬರ ತಾಳಿತು, ಆದರೆ ಗಿಡ್ಡಾಯಿತು.